ನಮ್ಮ ಬರಿ ಯಾವುದು?

ಅಕ್ಕನ ಮಗ ಐರ್ಲೆಂಡಿನ ಡಬ್ಲಿನ್‌ನಲ್ಲಿ ಕೆಲಸಕ್ಕಿದ್ದಾನೆ. ಹೋದ ವರ್ಷ ಒಂದು ರಾತ್ರಿ ಫೋನು ಮಾಡಿ, "ಮಾವ, ನನ್ನ ಆಫೀಸಿನವಳೊಬ್ಬಳು ಅವಳ ಮುತ್ತಜ್ಜನ ಕೈಬರಹವನ್ನೇ ಕಂಪ್ಯೂಟರಿನಲ್ಲಿ ತೋರಿಸಿದಳು. ನಮ್ಮದು ಎಲ್ಲಿ ಸಿಗುತ್ತದೆ?" ಎಂದು ಕೇಳಿದ.

ಅವಳು ತೋರಿಸಿದ್ದು 1911ರ ಜನಗಣತಿಯ ಹಾಳೆ. ಅಲ್ಲಿ ಮನೆಯ ಯಜಮಾನನೇ ಫಾರಂ ತುಂಬಿ ಸಹಿ ಹಾಕಬೇಕಿತ್ತು. 1901 ಮತ್ತು 1911ರ ಹಾಳೆಗಳನ್ನು ಐರ್ಲೆಂಡಿನ ರಾಷ್ಟ್ರೀಯ ಪತ್ರಾಗಾರ ಅಂತರ್ಜಾಲದಲ್ಲಿ ಪುಕ್ಕಟೆ ಇಟ್ಟಿದೆ. ಅದಕ್ಕಿಂತ ಹಿಂದಿನವು ಅವರಿಗೂ ಹೆಚ್ಚು ಉಳಿದಿಲ್ಲ. ಕೆಲವನ್ನು ಸರಕಾರವೇ ನಾಶ ಮಾಡಿತ್ತು, ಇನ್ನು ಕೆಲವು 1922ರ ಅಂತರ್ಯುದ್ಧದಲ್ಲಿ ಡಬ್ಲಿನ್‌ನ ಫೋರ್ ಕೋರ್ಟ್ಸ್ ಕಟ್ಟಡದಲ್ಲಿದ್ದ ದಾಖಲೆ ಕಚೇರಿಯ ಜೊತೆ ಸುಟ್ಟುಹೋದವು. ಬೇರೆ ಬೇರೆ ಕಡೆ ಉಳಿದಿದ್ದ ನಕಲುಗಳನ್ನು ಕೂಡಿಸಿ, ಸುಟ್ಟ ಆ ಭಂಡಾರವನ್ನು 2022ರಲ್ಲಿ ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಿದರು. ಹಟ ಎಂದರೆ ಇದು ನೋಡಿ! ಊರು ಬಿಟ್ಟು ಹೋದವರಿಗೂ ಅಲ್ಲಿ ಕಾಗದವಿದೆ. 1892ರ ಜನವರಿ 1ರಂದು ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ಮೊದಲು ಹೆಸರು ಬರೆಸಿದವಳು ಐರ್ಲೆಂಡಿನ ಹುಡುಗಿ, ಆ್ಯನಿ ಮೂರ್.

ನಮ್ಮ ಅಜ್ಜಂದಿರು ಹಡಗು ಹತ್ತಿ ಮುಂಬಯಿಗೆ ಬಂದಾಗ ಯಾರೂ ಹೆಸರು ಬರೆದುಕೊಳ್ಳಲಿಲ್ಲ. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯದಲ್ಲಿತ್ತು. ಮುಂಬಯಿ ಬೇರೆ ಪ್ರಾಂತ್ಯವಾದರೂ ಎರಡೂ ಬ್ರಿಟಿಷರದ್ದೇ, ಗಡಿಯಲ್ಲಿ ತಡೆಯುವವರಿರಲಿಲ್ಲ. ನಮ್ಮ ಜನಗಣತಿಯ ಮನೆಮನೆಯ ಹಾಳೆಗಳೂ ಸಿಗುವುದಿಲ್ಲ. 1948ರ ಕಾಯಿದೆಯ ಪ್ರಕಾರ ಅವನ್ನು ಯಾರಿಗೂ ತೋರಿಸುವಂತಿಲ್ಲ.

ಆದರೆ ನನ್ನ ಮಟ್ಟಿಗೆ ಇದು ದೊಡ್ಡ ತೊಡಕಲ್ಲ. ದೊಡ್ಡ ತೊಡಕು ಇರುವುದು ನಮ್ಮ ಹೆಸರಿನಲ್ಲೇ.

ಐರಿಶ್ ಹೆಸರಿನ ಮುಂದಿನ 'ಮ್ಯಾಕ್' ಎಂದರೆ ಮಗ, 'ಓ' ಎಂದರೆ ಮೊಮ್ಮಗ ಅಥವಾ ವಂಶದವನು. ಅಪ್ಪನ ಕಡೆಯಿಂದ ನೇರ ದಾರಿ. ಮರಾಠಿಗರ 'ಕರ್' ಇನ್ನೂ ಸುಲಭ, ಹೆಸರೇ ಊರಿನ ವಿಳಾಸ. ಐರ್ಲೆಂಡಿನ ಪ್ರಧಾನಿಯಾಗಿದ್ದ ಲಿಯೋ ವರಾಡ್ಕರ್ 2019ರ ಕೊನೆಗೆ ಮಾಲವಣ ತಾಲೂಕಿನ ವರಾಡ್ ಹಳ್ಳಿಗೆ ಬಂದಿದ್ದರಲ್ಲ, ಅವರ ತಂದೆ ಮುಂಬಯಿಯಿಂದ ಹೋದ ಡಾಕ್ಟರು. ಎರಡು ತಲೆಮಾರು ಕಳೆದರೂ ಹೆಸರಿನೊಳಗೆ ಹಳ್ಳಿ ಹಾಗೇ ಕೂತಿತ್ತು.

ನಮ್ಮ ಕಥೆ ಕೇಳಿ. ನನ್ನ ಕಾಗದಪತ್ರದಲ್ಲೆಲ್ಲ ಕೋಟ್ಯಾನ್ ಎಂದಿದೆ. ಅಳಿಯನ ಪಾಸ್‌ಪೋರ್ಟಿನಲ್ಲಿ ಬಂಗೇರ. ಆದರೆ ಊರಿನ ಲೆಕ್ಕದಲ್ಲಿ ನಾವಿಬ್ಬರೂ ಕರ್ಕೇರ! ತುಳುನಾಡಿನ ಅಳಿಯಸಂತಾನದಲ್ಲಿ ಬರಿ ಬರುವುದು ತಾಯಿಯಿಂದ. ನನ್ನ ಅಮ್ಮ ಕರ್ಕೇರ, ಹಾಗಾಗಿ ಅಕ್ಕ, ನಾನು, ಅಕ್ಕನ ಮಕ್ಕಳು ಎಲ್ಲರೂ ಕರ್ಕೇರ. ನನ್ನ ಮಕ್ಕಳು ಮಾತ್ರ ಅಲ್ಲ, ಅವರದ್ದು ಅವರ ಅಮ್ಮನ ಬರಿ. ಅಪ್ಪ ಸಾಲ್ಯಾನ್, ಅದು ನನ್ನ ಅಜ್ಜಿಯದು. ಹಾಗಾದರೆ ಕೋಟ್ಯಾನ್ ಎಲ್ಲಿಂದ ಬಂತು? ಅದು ಅಜ್ಜನ ಬರಿ. ಹೋಟೆಲಿನಲ್ಲಿ ಕಪ್ಪು ತೊಳೆಯುತ್ತಿದ್ದ ಅಪ್ಪನನ್ನು ರಾತ್ರಿಶಾಲೆಗೆ ಸೇರಿಸುವಾಗ ಹೆಸರು, ತಂದೆಯ ಹೆಸರು, ಆಡನಾವ ಎಂದು ಮೂರು ಗೆರೆ ತುಂಬಬೇಕಿತ್ತು. ಆಡನಾವದ ಗೆರೆಯಲ್ಲಿ ಅಜ್ಜ ತನ್ನದನ್ನೇ ಬರೆಸಿದ. ಅಲ್ಲಿಗೆ ಬರಿ ಹಳಿ ಬದಲಿಸಿತು. ನನಗೂ ಅದೇ ಬಂತು, ನನ್ನ ಮಕ್ಕಳಿಗೂ. ಮುಂಬಯಿಯಲ್ಲಿ ಇಂಥ ಮನೆಗಳು ಎಷ್ಟಿವೆಯೋ! ಬಂಗೇರ ಎಂದು ಟೈಪು ಮಾಡಿ ಅಳಿಯ ಎಷ್ಟು ಹುಡುಕಿದರೂ ಸಿಗುವುದು ಅವನ ಅಪ್ಪನ ಕಡೆಯವರೇ.

ಹಾಗಾದರೆ ಎಲ್ಲಿ ಹುಡುಕಬೇಕು? ಕೋರ್ಟಿನಲ್ಲಿ. ನಗಬೇಡಿ. ಅಳಿಯಸಂತಾನದ ಕುಟುಂಬದ ಆಸ್ತಿಯನ್ನು ಎಲ್ಲರೂ ಒಪ್ಪದೆ ಪಾಲು ಮಾಡುವಂತಿರಲಿಲ್ಲ. 1949ರ ಮದರಾಸು ಅಳಿಯಸಂತಾನ ಕಾಯಿದೆ ಬಂದ ಮೇಲೆ ಒಂದೊಂದು ಕವರು, ಅಂದರೆ ಒಬ್ಬ ಹೆಂಗಸಿನಿಂದ ಹೆಣ್ಣುಮಕ್ಕಳ ಮೂಲಕ ಇಳಿದ ಕವಲು, ತನ್ನ ಪಾಲು ಕೇಳಬಹುದಾಯಿತು. ಕೇಳಿದರು, ಜಗಳವಾಡಿದರು, ವಕೀಲರಿಗೆ ದುಡ್ಡು ಸುರಿದರು. ದಾವೆಗೆ ವಂಶವೃಕ್ಷ ಬೇಕಲ್ಲ? ಮೂಲ ಸ್ತ್ರೀಯಿಂದ ಹಿಡಿದು ತೊಟ್ಟಿಲಿನ ಕೂಸಿನವರೆಗೆ ಹೆಸರು ಬರೆಸಿದರು. ಅಣ್ಣತಮ್ಮಂದಿರ ಮಾತು ಬಿಡಿಸಿದ ಆ ಕಾಗದಗಳೇ ಇವತ್ತು ನಮ್ಮ ವಂಶದ ಪುಸ್ತಕ. ಗಂಡಸರ ಹೆಸರು ಅವುಗಳಲ್ಲಿ ಇರುತ್ತದೆ, ಆದರೆ ಅವರ ಮಕ್ಕಳು ಆ ಮರದಲ್ಲಿ ಬರುವುದೇ ಇಲ್ಲ. ಹೆಣ್ಣು ಕುಡಿಯಿಲ್ಲದೆ ನಿಂತ ಕವಲಿಗೆ ಕಾಯಿದೆಯಲ್ಲೇ ಹೆಸರಿದೆ: ನಿಸ್ಸಂತತಿ ಕವರು. ಓದುವಾಗ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ನಮ್ಮ ಕುಟುಂಬದ ಪಾಲುಪಟ್ಟಿ ಊರಿನಲ್ಲಿ ಸೋದರಮಾವನ ಪೆಟ್ಟಿಗೆಯಲ್ಲಿ ಸಿಕ್ಕಿತು. ಅಮ್ಮ, ಅಜ್ಜಿ, ಅಜ್ಜಿಯ ಅಮ್ಮ, ಅವಳ ಅಮ್ಮ. ನಾಲ್ಕು ಹೆಸರು. ಎಲ್ಲರದ್ದೂ ಹೆಬ್ಬೆಟ್ಟಿನ ಕಾಲ, ಐರಿಶರ ಹಾಗೆ ಕೈಬರಹ ಎಲ್ಲಿಂದ ಬರಬೇಕು?

ಮುಂಬಯಿಯ ಕಡೆಯದ್ದೂ ಸ್ವಲ್ಪ ಉಳಿದಿದೆ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು, ಬಂಟರ ಸಂಘ 1927ರದ್ದು, ಬಿಲ್ಲವರ ಅಸೋಸಿಯೇಶನ್ 1932ರದ್ದು. ಇಂಥ ಸಂಘಗಳ ಹಳೆಯ ಸಂಚಿಕೆ, ಸ್ಮರಣ ಸಂಚಿಕೆಗಳನ್ನು ತಿರುವಿ ಹಾಕಿ. ಇಲ್ಲಿನ ಕನ್ನಡ ಪತ್ರಿಕೆಗಳ ನಿಧನವಾರ್ತೆ ಓದಿ, "ಮೂಲತಃ" ಎಂಬ ಶಬ್ದದ ನಂತರ ಊರು, ಕೆಲವೊಮ್ಮೆ ಮನೆಯ ಹೆಸರೂ ಇರುತ್ತದೆ. ಝೋಪಡಿಯಲ್ಲಿದ್ದವರು ಹಳೆಯ ರೇಶನ್ ಕಾರ್ಡನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟಿದ್ದಾರೆ. ಪೂರ್ವಜರ ಮೇಲಿನ ಪ್ರೀತಿಗಲ್ಲ, 1995ರ ಜನವರಿ 1ರ ಮೊದಲು ಇಲ್ಲಿದ್ದೆವು ಎಂದು ತೋರಿಸದಿದ್ದರೆ ಬದಲಿ ಖೋಲಿ ಇಲ್ಲ ಎಂಬ ಭಯಕ್ಕೆ. (ಗಡುವು ಆಮೇಲೆ 2000ಕ್ಕೆ ಬಂತು.) ಚಾಳಿನವರಿಗೆ ಆ ಭಯವೂ ಕಡಿಮೆ. ನಮ್ಮ ಹಳೆಯ ಚಾಳು ಕೆಡವಿ ಟವರ್ ಕಟ್ಟುವಾಗ ಪಕ್ಕದ ಮನೆಯವರು ಅಜ್ಜನ ಟ್ರಂಕನ್ನು ಹಾಗೇ ರದ್ದಿವಾಲಾನಿಗೆ ಕೊಟ್ಟರು. ಬಾಡಿಗೆ ರಶೀದಿ, ಊರಿನ ಪತ್ರಗಳು, ಎಲ್ಲ ಕಿಲೋ ಲೆಕ್ಕದಲ್ಲಿ ಹೋದವು.

ಮೂಲ ಸ್ತ್ರೀಯ ಅಮ್ಮ ಯಾರು, ಯಾವ ಮನೆಯಿಂದ ಬಂದಳು ಎಂಬುದು ಪಾಲುಪಟ್ಟಿಯಲ್ಲಿಲ್ಲ. ಅದು ಗೊತ್ತಿರುವುದು ಅಮ್ಮನ ದೊಡ್ಡಮ್ಮನ ಮಗಳಿಗೆ. ಕುಟುಂಬದ ಮೂಲ ನಾಗ ಎಲ್ಲಿತ್ತೆಂಬುದೂ ಅವರಿಗೇ ಗೊತ್ತು. ಒಂದೇ ಬರಿಯಲ್ಲಿ ಮದುವೆಯಾಗಬಾರದಲ್ಲ, ಊರಿನಲ್ಲಿ ಸಂಬಂಧ ಕುದುರುವ ಮೊದಲು ಎಲ್ಲರೂ ಅವರನ್ನು ಕೇಳಿ ಹೋಗುತ್ತಿದ್ದರು. ಈಗ ತೊಂಬತ್ತೊಂದು ವಯಸ್ಸು. ಕಿವಿ ಮಂದ, ನೆನಪು ಚುರುಕು. ಮುಂದಿನ ತಿಂಗಳ ಮತ್ಸ್ಯಗಂಧಕ್ಕೆ ಟಿಕೆಟ್ ಮಾಡಿಸಿದ್ದೇನೆ.