ಗಂಟೆಯ ಬದಲು ಬಂದ ಪುಸ್ತಕಗಳು

ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದ ಒಂದು ಊರಿನ ಜನ ತಮ್ಮ ಊರಿಗೆ ಬೆಂಜಮಿನ್ ಫ್ರಾಂಕ್ಲಿನ್ ಅವರ ಹೆಸರಿಟ್ಟರು. ಬಳಿಕ, ಪ್ರಾರ್ಥನಾ ಮಂದಿರಕ್ಕೊಂದು ಗಂಟೆ ಕೊಡಿಸಿ ಎಂದು ಅವರನ್ನೇ ಕೇಳಿದರು. ಅವರು ಗಂಟೆ ಕೊಡಲಿಲ್ಲ. 116 ಪುಸ್ತಕಗಳನ್ನು ಕೊಟ್ಟರು. ಆ ಪುಸ್ತಕಗಳನ್ನು ಓದಿ ಬೆಳೆದವನು, 1796ರಲ್ಲಿ ಅಲ್ಲಿನ ಬಡ ರೈತ ಕುಟುಂಬದಲ್ಲಿ ಹುಟ್ಟಿದ ಹೊರೇಸ್ ಮಾನ್.

ವರ್ಷಕ್ಕೆ ಹತ್ತು ವಾರವೂ ಸರಿಯಾಗಿ ಶಾಲೆಗೆ ಹೋಗಲಾಗದಿದ್ದ ಆ ಹುಡುಗ 1819ರಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಪದವೀಧರನಾದ. ವಕೀಲರಾಗಿ, 1827ರಲ್ಲಿ ಶಾಸಕರಾಗಿ, ಮುಂದೆ ರಾಜ್ಯ ಸೆನೆಟ್‌ನ ಅಧ್ಯಕ್ಷರಾಗಿ ಮಾನ್ ಮೇಲೇರಿದರು. 1837ರಲ್ಲಿ ರಾಜ್ಯವು ಶಿಕ್ಷಣ ಮಂಡಳಿ ಸ್ಥಾಪಿಸಿದಾಗ ಮಾತ್ರ ಎಲ್ಲರೂ ಹುಬ್ಬೇರಿಸುವ ಕೆಲಸ ಮಾಡಿದರು. ವಕೀಲಿಯನ್ನೂ ರಾಜ್ಯ ರಾಜಕಾರಣವನ್ನೂ ಬಿಟ್ಟು ಮಂಡಳಿಯ ಕಾರ್ಯದರ್ಶಿಯಾದರು.

ಶಾಲೆಗಳಿಗೆ ಆಜ್ಞೆ ಮಾಡುವ ಅಧಿಕಾರ ಮಂಡಳಿಗೆ ಇರಲಿಲ್ಲ. ಮಾಹಿತಿ ಕಲೆಹಾಕಿ ವರದಿ ಬರೆಯಬೇಕು, ಜನರ ಮನವೊಲಿಸಬೇಕು, ಅಷ್ಟೇ. ಮಾನ್ ಊರೂರು ಸುತ್ತಿದರು. ಹನ್ನೆರಡು ವಾರ್ಷಿಕ ವರದಿಗಳನ್ನು ಬರೆದರು. ಸಿರಿವಂತರ ಮಕ್ಕಳೂ ಬಡವರ ಮಕ್ಕಳೂ ಒಂದೇ ಶಾಲೆಯಲ್ಲಿ ಕುಳಿತು ಕಲಿಯಬೇಕು, ಅದರ ಖರ್ಚನ್ನು ತೆರಿಗೆಯಿಂದ ಭರಿಸಬೇಕು ಎಂಬುದು ಅವರ ವಾದ. ಮಕ್ಕಳಿಲ್ಲದವರು ಏಕೆ ತೆರಿಗೆ ಕೊಡಬೇಕು ಎಂಬ ಪ್ರಶ್ನೆಗೂ ಅವರಲ್ಲಿ ಉತ್ತರವಿತ್ತು: ಆಸ್ತಿ ಇಂದಿನ ಒಡೆಯನೊಬ್ಬನದೇ ಅಲ್ಲ, ಮುಂದಿನ ಪೀಳಿಗೆಗೂ ಅದರಲ್ಲಿ ಹಕ್ಕಿದೆ.

ಒಳ್ಳೆಯ ಶಾಲೆಗೆ ತರಬೇತಾದ ಶಿಕ್ಷಕರು ಬೇಕಲ್ಲವೇ? 1839ರಲ್ಲಿ ಲೆಕ್ಸಿಂಗ್ಟನ್‌ನಲ್ಲಿ ಶಿಕ್ಷಕರ ತರಬೇತಿ ಶಾಲೆ ಆರಂಭವಾಯಿತು. ಮೊದಲ ದಿನ ಬಂದವರು ಮೂವರೇ ಯುವತಿಯರು. 1843ರಲ್ಲಿ ಪ್ರಷ್ಯಾದ ಶಾಲೆಗಳನ್ನು ನೋಡಿ ಬಂದ ಮಾನ್, ಅಲ್ಲಿ ಬೆತ್ತವಿಲ್ಲದೆ ಪಾಠ ನಡೆಯುವುದನ್ನು ಮೆಚ್ಚಿ ಬರೆದರು. ಬಾಸ್ಟನ್‌ನ 31 ಶಿಕ್ಷಕರು ಅವರ ವಿರುದ್ಧ ತಿರುಗಿಬಿದ್ದರು. ಆದರೂ ಅವರು ಹಿಂಜರಿಯಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಈ ದಿಟ್ಟತನ ಕಾಣಲಿಲ್ಲ. ಬಾಸ್ಟನ್‌ನಲ್ಲಿ ಕಪ್ಪು ಜನಾಂಗದ ಮಕ್ಕಳಿಗೆ ಬೇರೆ ಶಾಲೆಗಳಿದ್ದವು. ಎಲ್ಲರಿಗೂ ಒಂದೇ ಶಾಲೆ ಎಂದವರು ಇದರ ಬಗ್ಗೆ ಏಕೆ ದನಿ ಎತ್ತುವುದಿಲ್ಲ ಎಂದು ಗುಲಾಮಗಿರಿ ವಿರೋಧಿ ನಾಯಕ ವೆಂಡೆಲ್ ಫಿಲಿಪ್ಸ್ ಟೀಕಿಸಿದರು. ಆ ಟೀಕೆಯಲ್ಲಿ ಹುರುಳಿತ್ತು. 1848ರಲ್ಲಿ ಅಮೆರಿಕದ ಕಾಂಗ್ರೆಸ್ ಪ್ರವೇಶಿಸಿದ ಮೇಲೆ ಮಾನ್ ಗುಲಾಮಗಿರಿಯ ವಿರುದ್ಧ ಗಟ್ಟಿಯಾಗಿ ಮಾತನಾಡಿದರು. ರಾಜ್ಯದ ಶಾಲೆಗಳಲ್ಲಿ ವರ್ಣಭೇದ ಕಾನೂನಿನಿಂದ ತೊಲಗಿದ್ದು 1855ರಲ್ಲಿ. ಅಷ್ಟರಲ್ಲಿ ಅವರು ಒಹಾಯೋದ ಆಂಟಿಯಾಕ್ ಕಾಲೇಜಿನ ಅಧ್ಯಕ್ಷರಾಗಿ, ಗಂಡು ಹೆಣ್ಣುಗಳಿಗೆ ಒಟ್ಟಿಗೆ ಉನ್ನತ ಶಿಕ್ಷಣ ಕೊಡುವ ಕೆಲಸದಲ್ಲಿದ್ದರು.

1859ರಲ್ಲಿ ಮಾನ್ ತೀರಿಕೊಂಡರು. ಅದಕ್ಕೆ ಕೆಲವೇ ವಾರಗಳ ಮೊದಲು, ಮನುಕುಲಕ್ಕಾಗಿ ಒಂದಾದರೂ ಗೆಲುವು ಸಾಧಿಸದೆ ಸಾಯಲು ನಾಚಬೇಕೆಂದು ಪದವೀಧರರಿಗೆ ಹೇಳಿದ್ದರು. ಅವರ ಊರಿನ ಗ್ರಂಥಾಲಯದಲ್ಲಿ ಫ್ರಾಂಕ್ಲಿನ್ ಕೊಟ್ಟ ಪುಸ್ತಕಗಳನ್ನು ಇಂದಿಗೂ ಜೋಪಾನವಾಗಿ ಇಟ್ಟಿದ್ದಾರೆ. ಗಂಟೆ ಬಂದಿದ್ದರೆ ಅದರ ಸದ್ದು ಊರಿನ ಗಡಿ ದಾಟುತ್ತಿರಲಿಲ್ಲ.