ಒಂದೇ ಗಾಜಿನಡಿಯ ವಂಶ

1871ರಲ್ಲಿ ಮುಂಬಯಿ ಮತ್ತು ಮದರಾಸುಗಳ ರೈಲುಹಾದಿಗಳು ಸಂಧಿಸಿದ ರಾಯಚೂರು ಅಂದು ನಿಜಾಮರ ಸೀಮೆಗೆ ಸೇರಿದ್ದಿತು. ಆ ಸಂಸ್ಥಾನದಲ್ಲಿ ಛಾಯಾಚಿತ್ರಕಲೆಗೆ ರಾಜಮನ್ನಣೆ ಗಳಿಸಿದವರು ಆರನೆಯ ನಿಜಾಮರ ಆಸ್ಥಾನಿಕ ಲಾಲಾ ದೀನದಯಾಳರು (1844–1905). ದರ್ಬಾರಿನ ವೈಭವಕ್ಕೆ ಮೀಸಲಾಗಿದ್ದ ಈ ವಿದ್ಯೆಯು ಕಾಲಕ್ರಮದಲ್ಲಿ ಜನಸಾಮಾನ್ಯರ ಪಡಸಾಲೆಗೂ ಇಳಿದುಬರಲು, ರಾಯಚೂರು ಸೀಮೆಯ ದೇವದುರ್ಗ, ಮಾನವಿಗಳಂಥ ಊರುಗಳ ಮನೆಗಳಲ್ಲಿ ಮದುವೆಯ ಜೋಡಿ, ತೊಟ್ಟಿಲ ಕೂಸು, ಗತಿಸಿದ ಹಿರಿಯರು ಎಂದು ಬೇರೆ ಬೇರೆ ಕಾಲದಲ್ಲಿ ತೆಗೆಯಿಸಿದ ಫೋಟೋಗಳನ್ನು ರಟ್ಟಿನ ಮೇಲೆ ಅಂಟಿಸಿ, ಒಂದೇ ಗಾಜಿನಡಿ ಕಟ್ಟು ಹಾಕಿಸಿ, ಬಾಗಿಲ ಮೇಲೆ ತೂಗುಬಿಡುವ ಪದ್ಧತಿ ಬೆಳೆಯಿತು. ಜೀವಿತದಲ್ಲಿ ಎಂದೂ ಸಂಧಿಸದ ಮುತ್ತಜ್ಜನೂ ಮರಿಮೊಮ್ಮಗನೂ ಅಲ್ಲಿ ಪಕ್ಕಪಕ್ಕದಲ್ಲಿ ಕುಳಿತಿರುವರು! 1912ರಲ್ಲಿ ಪಿಕಾಸೊ ಮತ್ತು ಬ್ರಾಕರು ಕಾಗದ ಅಂಟಿಸಿ ಆರಂಭಿಸಿದ ಕೊಲಾಜಿನ ಹೆಸರನ್ನೇ ಕೇಳದೆ, ಕತ್ತರಿಯಿಂದಲೂ ಅಂಟಿನಿಂದಲೂ ವಂಶಚರಿತ್ರೆಯನ್ನು ರಚಿಸಿದ ಆ ಗೃಹಿಣಿಯರನ್ನೂ ಕಟ್ಟು ಹಾಕುವವರನ್ನೂ ನಾನು ಕಲಾವಿದರೆಂದೇ ಎಣಿಸುತ್ತೇನೆ.