ವೋಲ್ಗಾ ಕಾರಿನಲ್ಲಿ ಒಂದು ಸುತ್ತು, ಇನ್ನೊಂದು ಸುತ್ತು

ಜಿಲ್ಲೆಯಲ್ಲಿ ಸುದ್ದಿ ಮಾಡುವ ನಮಗೆ ಒಂದು ಬಗೆಯ ಫೋಟೊ ಚೆನ್ನಾಗಿ ಗೊತ್ತು. ನಿನ್ನೆವರೆಗೆ ಹಾವು-ಮುಂಗುಸಿಯಂತಿದ್ದ ಇಬ್ಬರು ಮುಖಂಡರು ಒಂದೇ ಜೀಪಿನಲ್ಲಿ ನಗುತ್ತಾ ಬರುತ್ತಾರೆ. ನಾವು ಕ್ಲಿಕ್ಕಿಸಿ, ‘ಮುನಿಸು ಮರೆತ ನಾಯಕರು’ ಎಂದು ಅಡಿಬರಹ ಬರೆದು ಡೆಸ್ಕಿಗೆ ಕಳಿಸುತ್ತೇವೆ. ಮರುದಿನ ಅದು ಮುಖಪುಟದಲ್ಲಿ. ಜೀಪಿನಿಂದ ಇಳಿದ ಮೇಲೆ ಏನಾಯಿತು ಎಂಬುದು ಒಳಪುಟದಲ್ಲಿ ಸಿಂಗಲ್ ಕಾಲಂ. ಇದೂ ಅಂಥದ್ದೇ ಫೋಟೊದ ಕಥೆ. ಜಾಗ ಮಾತ್ರ ಮಾಸ್ಕೋ ಹೊರವಲಯ.

2005ರ ಮೇ 8. ನೊವೊ-ಒಗರ್ಯೊವೊದಲ್ಲಿರುವ ಪುಟಿನ್ ನಿವಾಸಕ್ಕೆ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಬಂದಿದ್ದರು. ಪುಟಿನ್ ತಮ್ಮ 1956ರ ಬಿಳಿ ವೋಲ್ಗಾ ಕಾರನ್ನು ತೋರಿಸಿ, ಸ್ಟೇರಿಂಗನ್ನು ಅತಿಥಿಗೇ ಬಿಟ್ಟುಕೊಟ್ಟರು. ತಾವು ಪಕ್ಕದಲ್ಲಿ ಕೂತರು. ಬುಷ್‌ಗೆ ಎಷ್ಟು ಖುಷಿಯಾಯಿತೆಂದರೆ, ಒಂದು ಸುತ್ತು ಸಾಲದೆ ಇನ್ನೊಂದು ಸುತ್ತು ಹೊಡೆಯುತ್ತೇನೆ ಎಂದರು. ಕ್ಯಾಮೆರಾಗಳಿಗೆ ಹಬ್ಬವೋ ಹಬ್ಬ.

ಆ ಕಾರಿಗೂ ಒಂದು ಚರಿತ್ರೆಯಿದೆ. ನಮ್ಮ ಅಂಬಾಸಿಡರ್‌ನ ಹಾಗೆ ದುಂಡು ಮೈ. ಅಂಬಾಸಿಡರ್‌ನ ಹಾಗೆಯೇ ಅಧಿಕಾರಿಗಳಿಗೂ ಟ್ಯಾಕ್ಸಿಯವರಿಗೂ ದುಡಿದ ಗಾಡಿ. ವೋಲ್ಗಾ ನದಿಯ ದಡದ ಗೋರ್ಕಿ ನಗರದ ಕಾರ್ಖಾನೆಯಲ್ಲಿ 1956ರಿಂದ 1970ರವರೆಗೆ ತಯಾರಾಯಿತು. ಬಾನೆಟ್ ಮೇಲೆ ನೆಗೆಯುವ ಜಿಂಕೆಯ ಲೋಹದ ಬೊಂಬೆ ಅದರ ಗುರುತು. ಬಾಹ್ಯಾಕಾಶದಿಂದ ಮರಳಿದ ಯೂರಿ ಗಗಾರಿನ್‌ಗೆ ಸರ್ಕಾರ ಕೊಟ್ಟಿದ್ದೂ ಕಪ್ಪು ವೋಲ್ಗಾವನ್ನೇ. ಆದರೆ ಆ ಕಾರ್ಖಾನೆ ಹುಟ್ಟಿದ್ದು 1929ರಲ್ಲಿ ಸೋವಿಯತ್ ಸರ್ಕಾರ ಅಮೆರಿಕದ ಫೋರ್ಡ್ ಕಂಪನಿಯ ಜತೆ ಮಾಡಿಕೊಂಡ ಒಪ್ಪಂದದಿಂದ. ಮೊದಮೊದಲು ಅಲ್ಲಿ ತಯಾರಾದದ್ದು ಫೋರ್ಡ್ ಮಾದರಿಯ ಲಾರಿ, ಕಾರುಗಳೇ.

ಇನ್ನು ಫೋಟೊದಲ್ಲಿ ಕಾಣದ್ದು. ಹಿಂದಿನ ದಿನವಷ್ಟೇ ಬುಷ್ ಲಾಟ್ವಿಯಾದ ರಿಗಾದಲ್ಲಿ ನಿಂತು, ಯುದ್ಧಾನಂತರ ಪೂರ್ವ ಯುರೋಪನ್ನು ಸೋವಿಯತ್ ಹಿಡಿತಕ್ಕೆ ಬಿಟ್ಟದ್ದು ಚರಿತ್ರೆಯ ದೊಡ್ಡ ತಪ್ಪುಗಳಲ್ಲೊಂದು ಎಂದಿದ್ದರು. ಅದಕ್ಕೆ ಎರಡು ವಾರ ಮೊದಲು ಪುಟಿನ್, ಸೋವಿಯತ್ ಒಕ್ಕೂಟದ ಪತನವನ್ನು ಶತಮಾನದ ದೊಡ್ಡ ದುರಂತ ಎಂಬ ಅರ್ಥದಲ್ಲಿ ಬಣ್ಣಿಸಿದ್ದರು. ಮೇ 9ರಂದು ಮಾಸ್ಕೋದಲ್ಲಿ ನಾಜಿಗಳ ಸೋಲಿನ 60ನೇ ವರ್ಷದ ಸಂಭ್ರಮ. ಎಸ್ಟೋನಿಯಾ, ಲಿಥುವೇನಿಯಾ ಅಧ್ಯಕ್ಷರು ಬರುವುದಿಲ್ಲ ಎಂದುಬಿಟ್ಟಿದ್ದರು. ಬುಷ್ ಅಲ್ಲಿಂದ ಹೋದದ್ದು ರಷ್ಯಾದ ಕಣ್ಣು ಕೆಂಪಾಗಿಸಿದ್ದ ಜಾರ್ಜಿಯಾಕ್ಕೆ. ಮೂರು ವರ್ಷ ಕಳೆದು, 2008ರ ಆಗಸ್ಟ್‌ನಲ್ಲಿ, ಅದೇ ಜಾರ್ಜಿಯಾದ ಮೇಲೆ ರಷ್ಯಾದ ಸೇನೆ ನುಗ್ಗಿತು. ಆಗಲೂ ಶ್ವೇತಭವನದಲ್ಲಿ ಇದ್ದವರು ಬುಷ್.

ಇದು ಮೊದಲನೆಯದೂ ಅಲ್ಲ. 1973ರ ಜೂನ್‌ನಲ್ಲಿ ಕ್ಯಾಂಪ್ ಡೇವಿಡ್‌ನಲ್ಲಿ ನಿಕ್ಸನ್ ಒಂದು ಲಿಂಕನ್ ಕಾರನ್ನು ಉಡುಗೊರೆ ಕೊಟ್ಟಾಗ, ಕಾರುಗಳ ಹುಚ್ಚಿನ ಬ್ರೆಜ್ನೆವ್ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಕಡಿದಾದ ತಿರುವಿನಲ್ಲಿ ಜೀವ ಬಾಯಿಗೆ ಬರುವಂತೆ ಓಡಿಸಿದ್ದರು. ನಾಲ್ಕೇ ತಿಂಗಳಲ್ಲಿ ಪಶ್ಚಿಮ ಏಷ್ಯಾದ ಯುದ್ಧದ ನಡುವೆ ಅಮೆರಿಕ ತನ್ನ ಅಣ್ವಸ್ತ್ರ ಪಡೆಗಳನ್ನು ಕಟ್ಟೆಚ್ಚರದಲ್ಲಿ ನಿಲ್ಲಿಸಿತು. 2001ರ ನವೆಂಬರ್‌ನಲ್ಲಿ ಬುಷ್ ಟೆಕ್ಸಾಸ್‌ನ ತಮ್ಮ ತೋಟದಲ್ಲಿ ಪುಟಿನ್‌ರನ್ನು ಪಿಕಪ್‌ನಲ್ಲಿ ಸುತ್ತಾಡಿಸಿದರು. ಮರುತಿಂಗಳೇ, ಕ್ಷಿಪಣಿ ನಿರೋಧಕ ಒಪ್ಪಂದದಿಂದ ಹೊರಬರುವುದಾಗಿ ಘೋಷಿಸಿದರು.

ಹಾಗೆಂದು ಆ ನಗು ಸುಳ್ಳು ಎನ್ನಲು ನಮಗೆ ಮನಸ್ಸಿಲ್ಲ. ಹಳೇ ಕಾರು ಓಡಿಸುವ ಖುಷಿ ಯಾರಿಗಾದರೂ ನಿಜವೇ. ಆದರೆ ಜಾರ್ಜಿಯಾದ ಹಳ್ಳಿಯವರ ಪಾಲಿಗೆ ಆ ಖುಷಿಯಿಂದ ಏನೂ ಬದಲಾಗಲಿಲ್ಲ. 2024ರ ಜೂನ್‌ನಲ್ಲಿ ಪುಟಿನ್ ಮತ್ತು ಕಿಮ್ ಜಾಂಗ್ ಉನ್ ಸರದಿಯ ಮೇಲೆ ರಷ್ಯಾದ ಐಷಾರಾಮಿ ಕಾರು ಓಡಿಸಿದ ವಿಡಿಯೊ ಬಂದಾಗ ಎಲ್ಲರ ಮೊಬೈಲಿನಲ್ಲೂ ಅದೇ. ಆ ದಿನವೇ ಇಬ್ಬರೂ ಯುದ್ಧಕಾಲದಲ್ಲಿ ಪರಸ್ಪರ ನೆರವಿಗೆ ನಿಲ್ಲುವ ಒಪ್ಪಂದಕ್ಕೆ ಸಹಿ ಹಾಕಿದ್ದರು. ಅದನ್ನು ಎಷ್ಟು ಜನ ಓದಿದರು?

ಆದ್ದರಿಂದ ನಾವು ಒಂದು ಮಾತು ಮಾಡಿಕೊಂಡಿದ್ದೇವೆ. ಮುಂದಿನ ಸಲ ನಮ್ಮೂರ ಜೀಪಿನ ಫೋಟೊ ಕಳಿಸುವಾಗ, ಹಿಂದಿನ ದಿನ ಅವರು ಒಬ್ಬರ ಬಗ್ಗೆ ಒಬ್ಬರು ಏನೆಂದಿದ್ದರು ಎಂಬ ಒಂದು ಸಾಲನ್ನೂ ಸೇರಿಸುವುದು. ಡೆಸ್ಕಿನವರು ಕತ್ತರಿಸಿದರೆ ಕತ್ತರಿಸಲಿ.